ಬಾಕ್ಸ್ ತುಂಬುವ ಮುನ್ನ ಮನೆಯ ಪಾಲು

ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಯೊಂದರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಜೂನ್ ತಿಂಗಳ ಕೊನೆಯ ವಾರ ನಡೆದ ಪೋಷಕರ ಸಭೆಯಲ್ಲಿ, ಮಕ್ಕಳು ಹಣ್ಣು ತರಕಾರಿ ತಿನ್ನುವ ಬಗ್ಗೆ ನಾನು ಆಡಿದ ಮಾತುಗಳಿವು. ಬರಹಕ್ಕೆ ಇಳಿಸುವಾಗ ನನ್ನ ಕೆಮ್ಮು, ಮೈಕಿನ ಕೀರಲು, ಹೇಳಿದ್ದನ್ನೇ ಮತ್ತೆ ಹೇಳಿದ್ದು ಇಷ್ಟನ್ನು ತೆಗೆದಿದ್ದೇನೆ. ಸಭೆಯವರು ನಡುವೆ ಬಾಯಿ ಹಾಕಿದ್ದನ್ನು ತೆಗೆದಿಲ್ಲ.

ಎಲ್ಲರಿಗೂ ನಮಸ್ಕಾರ. ಕೋಲಾರದಿಂದ ಬರುವಾಗ ಬಸ್ಸಿನ ಕಿಟಕಿಯ ಪಕ್ಕ ಕುಳಿತು ಎದುರಿಗೆ ಬಂದ ಲಾರಿ, ಟೆಂಪೊಗಳನ್ನು ಎಣಿಸಿದೆ. ಮಾವು ತುಂಬಿದವು ಒಂಬತ್ತು, ಟೊಮೆಟೊ ಬಾಕ್ಸ್ ಹೊತ್ತವು ಆರು. ಬಸ್ಸಿಳಿದು ಶಾಲೆಯ ಗೇಟಿನ ಹತ್ತಿರ ಬಂದರೆ, ಅಲ್ಲಿನ ಅಂಗಡಿಯಲ್ಲಿ ನಿಮ್ಮದೇ ಶಾಲೆಯ ಹುಡುಗನೊಬ್ಬ ಹತ್ತು ರೂಪಾಯಿ ಕೊಟ್ಟು, ಮಾವಿನ ಚಿತ್ರವಿರುವ ಪೊಟ್ಟಣಕ್ಕೆ ಕೊಳವೆ ಚುಚ್ಚುತ್ತಿದ್ದ. ಹೆಸರು ಹೇಳುವುದಿಲ್ಲ, ಅವನು ಆಗಲೇ ತಲೆ ತಗ್ಗಿಸಿ ಕುಳಿತಿದ್ದಾನೆ. ತಪ್ಪು ಅವನದಲ್ಲ ಬಿಡಿ. ಅವನ ಅಪ್ಪನ ತೋಟದ ತೋತಾಪುರಿಯೇ ಗಡಿ ದಾಟಿ ಚಿತ್ತೂರು ಕಡೆಯ ಕಾರ್ಖಾನೆಗೆ ಹೋಗಿ, ತಿರುಳಾಗಿ, ನೀರು ಸಕ್ಕರೆ ಕೂಡಿಸಿಕೊಂಡು, ಊರೂರು ಸುತ್ತಿ ಅವನ ಕೈಗೇ ವಾಪಸು ಬಂದಿದ್ದರೂ ಬಂದಿರಬಹುದು. ಆ ಪೊಟ್ಟಣದ ಹಿಂಬದಿಯಲ್ಲಿ ಇರುವೆ ಗಾತ್ರದ ಅಕ್ಷರಗಳಲ್ಲಿ ತಿರುಳಿನ ಪಾಲೆಷ್ಟು, ಸಕ್ಕರೆ ಎಷ್ಟು ಎಂದು ಬರೆದಿರುತ್ತದೆ. ಏಳನೆಯ ತರಗತಿಯವರು ಯಾರಾದರೂ ಅದನ್ನು ಓದಿ ಮನೆಯಲ್ಲಿ ಹೇಳಿ. ಶೇಕಡಾವಾರು ಲೆಕ್ಕ ಕಲಿಯಲು ಅದಕ್ಕಿಂತ ಒಳ್ಳೆಯ ಪಾಠ ನಿಮ್ಮ ಪುಸ್ತಕದಲ್ಲಿಲ್ಲ.

ನಾನು ತೋಟಗಾರಿಕೆ ಇಲಾಖೆಯಲ್ಲಿ ಮೂವತ್ತು ವರ್ಷ ಇದ್ದವನು. ಹನಿ ನೀರಾವರಿ ಹಾಕಿಸಿ, ಸಾಲಿನಿಂದ ಸಾಲಿಗೆ ಇಷ್ಟು ಅಂತರ ಬಿಡಿ, ಎಲೆ ಮುರುಟಿದರೆ ಹೀಗೆ ಮಾಡಿ ಎಂದು ಈ ತಾಲ್ಲೂಕಿನ ಹಳ್ಳಿಹಳ್ಳಿ ತಿರುಗಿದ್ದೇನೆ. ಎಷ್ಟೋ ಮನೆಗಳಲ್ಲಿ ಕೂರಿಸಿ ಊಟ ಹಾಕಿದ್ದಾರೆ. ಮುದ್ದೆ, ಸಾರು, ಮಜ್ಜಿಗೆ. ಎರಡು ಎಕರೆ ಬೀನ್ಸ್ ಇಟ್ಟವನ ಮನೆಯ ತಟ್ಟೆಯಲ್ಲಿ ಬೀನ್ಸ್ ಇರುತ್ತಿರಲಿಲ್ಲ. ಕಣ್ಣೆದುರಿಗೇ ಇದ್ದ ಇದನ್ನು ನಾನು ಗಮನಿಸಲಿಲ್ಲ. ಎಕರೆಗೆ ಎಷ್ಟು ಟನ್ ಬಂತು ಎಂದು ಕೇಳಿದೆ; ಮನೆಗೆ ಎಷ್ಟು ಕೆ.ಜಿ. ಹೋಯಿತು ಎಂದು ಒಂದು ದಿನವೂ ಕೇಳಲಿಲ್ಲ. ನಿಮ್ಮ ಮುಖ್ಯ ಶಿಕ್ಷಕಿಯವರು ಫೋನ್ ಮಾಡಿ, "ಹಣ್ಣು ತರಕಾರಿ ತಿನ್ನಬೇಕು ಎಂದು ಮಕ್ಕಳಿಗೆ ನಾಲ್ಕು ಮಾತು ಹೇಳಿ ಸಾರ್" ಎಂದಾಗ, "ಮಕ್ಕಳಿಗೆ ಹೇಳಿ ಏನು ಪ್ರಯೋಜನ ಅಮ್ಮ, ಅಡುಗೆ ಮಾಡುವವರು, ಸಂತೆಗೆ ಹೋಗುವವರು, ಬಾಕ್ಸ್ ತುಂಬುವವರು ಇವರನ್ನು ಕರೆಸಿ" ಎಂದೆ. ಅದಕ್ಕೇ ನೀವೆಲ್ಲ ಕೆಲಸ ಬಿಟ್ಟು ಇಲ್ಲಿ ಕುಳಿತಿದ್ದೀರಿ.

ಮೇಜಿನ ಮೇಲೆ ಒಂದು ತಕ್ಕಡಿ ಇಟ್ಟಿದ್ದೇನೆ. ಐದನೆಯ ತರಗತಿಯ ಒಬ್ಬ ಮಗು ಬರಲಿ. (ಒಬ್ಬ ಹುಡುಗಿ ಬಂದಳು.) ನಿನ್ನೆ ಏನೇನು ತಿಂದೆ ತಾಯಿ? ಬೆಳಿಗ್ಗೆ ಚಿತ್ರಾನ್ನ. ಮಧ್ಯಾಹ್ನ ಶಾಲೆಯ ಅನ್ನ, ಸಾಂಬಾರ್. ರಾತ್ರಿ ಮುದ್ದೆ, ಟೊಮೆಟೊ ಸಾರು. ಹಣ್ಣು? ಇಲ್ಲ. ಸಾರಿಗೆ ಎಷ್ಟು ಟೊಮೆಟೊ ಹಾಕಿದ್ದರು? (ಹಿಂದಿನ ಸಾಲಿನಿಂದ ಅವಳ ತಾಯಿ: "ನಾಲ್ಕು, ದಪ್ಪದ್ದು.") ಮನೆಯಲ್ಲಿ ಎಷ್ಟು ಜನ? ಐದು. ಸರಿ, ನಾಲ್ಕು ಟೊಮೆಟೊ ತಕ್ಕಡಿಗೆ ಹಾಕು. ನೋಡಿ, 320 ಗ್ರಾಂ. ಐದು ಜನಕ್ಕೆ ಹಂಚಿದರೆ ತಲೆಗೆ 64. ಶಾಲೆಯ ಬಿಸಿಯೂಟದ ಲೆಕ್ಕದಲ್ಲಿ ಒಂದರಿಂದ ಐದನೆಯ ತರಗತಿಯ ಮಗುವಿಗೆ ದಿನಕ್ಕೆ 50 ಗ್ರಾಂ ತರಕಾರಿ, ಆರರಿಂದ ಎಂಟರವರೆಗೆ 75 ಗ್ರಾಂ. ಚಿತ್ರಾನ್ನದ ಈರುಳ್ಳಿ ಒಂದಿಷ್ಟು ಎಂದುಕೊಳ್ಳೋಣ. ಎಲ್ಲ ಸೇರಿ 130 ದಾಟುವುದಿಲ್ಲ.

ಬೇಕಾದದ್ದು ಎಷ್ಟು? ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ವಯಸ್ಸಿಗೆ ತಕ್ಕ ಹಾಗೆ ಹೇಳಿದೆ: ಎರಡರಿಂದ ಐದು ವರ್ಷದವರಿಗೆ ಹಣ್ಣು ತರಕಾರಿ ಸೇರಿ ದಿನಕ್ಕೆ ಕನಿಷ್ಠ 250 ಗ್ರಾಂ, ಆರರಿಂದ ಒಂಬತ್ತಕ್ಕೆ 350, ಹತ್ತು ತುಂಬಿದವರಿಗೆ 400. ನಮ್ಮ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿ ಇನ್ನೂ ಧಾರಾಳವಾಗಿದೆ: ದೊಡ್ಡವರಿಗೆ ತರಕಾರಿ ಸೊಪ್ಪು 400 ಗ್ರಾಂ, ಅದರ ಮೇಲೆ ಹಣ್ಣು 100 ಗ್ರಾಂ. ಈ ಹುಡುಗಿಗೆ ಸಿಕ್ಕಿದ್ದು ಮೂರರಲ್ಲಿ ಒಂದು ಪಾಲು. ಇವಳ ಅಪ್ಪ ಟೊಮೆಟೊ ಬೆಳೆಗಾರರು ಎಂದು ಈಗ ತಾನೇ ಪಕ್ಕದವರು ಹೇಳಿದರು. (ನಗು.) ನಗಬೇಡಿ, ನಿಮ್ಮ ಮನೆಯ ಲೆಕ್ಕ ತೆಗೆದರೂ ಇಷ್ಟೇ ಬರುತ್ತದೆ. ಇನ್ನೊಂದು ಮಾತು, ಆಲೂಗಡ್ಡೆ ಈ ಲೆಕ್ಕಕ್ಕೆ ಸೇರುವುದಿಲ್ಲ. ಅದು ಅನ್ನದ ಕಡೆಯ ನೆಂಟ.

ಕೋಲಾರದ ಟೊಮೆಟೊ ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡ ಮಾರುಕಟ್ಟೆಗಳಲ್ಲೊಂದು ಎಂದು ನಾವು ಎದೆಯುಬ್ಬಿಸಿ ಹೇಳುತ್ತೇವೆ. ವರ್ಷವಿಡೀ ಹರಿಯುವ ನದಿಯಿಲ್ಲದ ಜಿಲ್ಲೆ, ಸಾವಿರ ಅಡಿ ದಾಟಿ ಕೊರೆದ ಕೊಳವೆಬಾವಿಯ ನೀರಿನಲ್ಲಿ ಇಷ್ಟು ಬೆಳೆಯುತ್ತದೆ ಎನ್ನುವುದು ಸಣ್ಣ ಮಾತಲ್ಲ. ಆದರೆ 2023ರ ಜುಲೈ ನೆನಪಿಸಿಕೊಳ್ಳಿ. ಹದಿನೈದು ಕೆ.ಜಿ. ಬಾಕ್ಸಿಗೆ ಎರಡು ಸಾವಿರ ರೂಪಾಯಿ ದಾಟಿತು. ತೋಟಕ್ಕೆ ರಾತ್ರಿ ಕಾವಲು ಮಲಗಿದ್ದರು. ಆ ತಿಂಗಳು ನಾನು ಒಬ್ಬ ಬೆಳೆಗಾರರ ಮನೆಯಲ್ಲಿ ಉಂಡೆ; ಸಾರಿಗೆ ಹುಳಿ ಯಾವುದು ಎಂದರೆ ಹುಣಸೆಹಣ್ಣು! "ಒಂದೊಂದು ಹಣ್ಣೂ ದುಡ್ಡು ಸಾರ್, ಕೈ ಬರುವುದಿಲ್ಲ" ಎಂದರು ಆ ಮನೆಯ ಅಮ್ಮ. ದರ ಬಿದ್ದ ವರ್ಷ ಅದೇ ಟೊಮೆಟೊವನ್ನು ರಸ್ತೆಯ ಬದಿಗೆ ಸುರಿದು ಬರುತ್ತಾರೆ. ಆಗಲೂ ಮನೆಯಲ್ಲಿ ಟೊಮೆಟೊ ಇಲ್ಲ. ದರ ಇದ್ದಾಗ ತಿನ್ನಲು ಮನಸ್ಸು ಬಾರದು, ದರ ಬಿದ್ದಾಗ ನೋಡಲು ಮನಸ್ಸು ಬಾರದು. ಮಧ್ಯೆ ಮನೆಗೆ ಬರುವುದು ಯಾವುದು? ಒಡೆದದ್ದು, ಗೋಲಿ ಗಾತ್ರದ್ದು, ಮಂಡಿಯಲ್ಲಿ ಎತ್ತಿ ಪಕ್ಕಕ್ಕೆ ಎಸೆದದ್ದು.

ನಿಮ್ಮಲ್ಲಿ ಹಿರಿಯರು ಕಣ ಮಾಡಿದವರು. ರಾಗಿಯ ರಾಶಿ ಅಳೆಯುವಾಗ ಮಡಿವಾಳರ ಪಾಲು, ಕ್ಷೌರಿಕರ ಪಾಲು, ಕುಂಬಾರರ ಪಾಲು ಮೊದಲು ತೆಗೆದಿಟ್ಟು, ಬಿತ್ತನೆಗೆ ಇಷ್ಟು, ಮನೆಗೆ ಇಷ್ಟು ಎಂದು ಹಗೇವಿಗೆ ಹಾಕಿ, ಉಳಿದರೆ ಮಾರುತ್ತಿದ್ದರು. ಟೊಮೆಟೊಗೆ ಕಣವಿಲ್ಲ. ಗಿಡದಿಂದ ಬಾಕ್ಸು, ಬಾಕ್ಸಿನಿಂದ ಟೆಂಪೊ, ಟೆಂಪೊದಿಂದ ಹರಾಜು. ಮನೆಯ ಪಾಲು ತೆಗೆಯುವ ಜಾಗವೇ ಇಲ್ಲದೆ ಹೋಯಿತು. ನಾನು ಇವತ್ತು ಕೇಳಲು ಬಂದಿರುವುದು ಅದೊಂದನ್ನು: ಪ್ರತಿ ಕೊಯ್ಲಿನಲ್ಲೂ ಮೊದಲ ಬುಟ್ಟಿ ಮನೆಗೆ. ಒಳ್ಳೆಯದನ್ನೇ ಆರಿಸಿ, ಮೂರು ಕೆ.ಜಿ. ಆಮೇಲೆ ಬಾಕ್ಸು. ಬೀನ್ಸ್‌ನವರು, ಕೋಸಿನವರು, ಕ್ಯಾರೆಟ್‌ನವರು, ಕ್ಯಾಪ್ಸಿಕಂನವರು ಎಲ್ಲರೂ ಒಂದೇ ಬೀದಿಯಲ್ಲಿದ್ದೀರಿ. ವಾರಕ್ಕೆ ಎರಡೆರಡು ಕೆ.ಜಿ. ಬದಲಾಯಿಸಿಕೊಂಡರೆ ಸಂತೆಯಲ್ಲಿ ಅರ್ಧ ಖರ್ಚು ಕಡಿಮೆ. ಮದುವೆಗೆ ಮುಯ್ಯಿ ಬರೆದಿಡುವ ನಾವು ಬೀನ್ಸಿನ ಲೆಕ್ಕ ಬರೆಯದಿದ್ದರೂ ನಡೆಯುತ್ತದೆ.

ಮಾತು ಇಲ್ಲಿಗೆ ಬಂದಾಗ ಬಾಗಿಲ ಹತ್ತಿರ ನಿಂತಿದ್ದ ಒಬ್ಬರು ಕೈ ಎತ್ತಿದರು. ಅವರ ಮಾತನ್ನು ಹಾಗೆಯೇ ಬರೆಯುತ್ತೇನೆ: "ನಾವು ಏನು ಹೊಡೆಯುತ್ತೇವೆ ಎನ್ನುವುದು ನಮಗೆ ಗೊತ್ತು ಸಾರ್. ಗೊತ್ತಿದ್ದೂ ಮಕ್ಕಳ ಬಾಯಿಗೆ ಹೇಗೆ ಇಡೋಣ?"

ಸಭೆ ತಣ್ಣಗಾಯಿತು. ಹಾಗಾದರೆ ಆ ಟೊಮೆಟೊ ಯಾರ ಮಕ್ಕಳ ಬಾಯಿಗೆ ಹೋಗುತ್ತದೆ ಎಂದು ಕೇಳಬಹುದಿತ್ತು, ಕೇಳಲಿಲ್ಲ. ಸತ್ಯ ಹೇಳಿದವನನ್ನು ಕಟಕಟೆಯಲ್ಲಿ ನಿಲ್ಲಿಸಿದರೆ ಮುಂದಿನ ಸಭೆಯಲ್ಲಿ ಯಾರೂ ಸತ್ಯ ಹೇಳುವುದಿಲ್ಲ. ನಾನು ಹೇಳಿದ್ದು ಇಷ್ಟು.

ಬೆಳೆಗೆ ಹೊಡೆಯುವ ಔಷಧಿಯ ಡಬ್ಬಿಯ ಮೇಲೆ ಬಣ್ಣದ ಗುರುತು ಇರುತ್ತದೆ. ಕೆಂಪು ಎಂದರೆ ಅತಿ ಘೋರ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಹೊಡೆದ ಎಷ್ಟು ದಿನಗಳ ನಂತರ ಕೊಯ್ಯಬೇಕು ಎನ್ನುವುದನ್ನೂ ಜೊತೆಯ ಚೀಟಿಯಲ್ಲಿ ಬರೆದಿರುತ್ತಾರೆ. ದರ ಏರಿದ ದಿನ ಆ ಕಾಯುವಿಕೆಯನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ ಎನ್ನುವುದು ನನಗೆ ಗೊತ್ತು, ನಿಮಗೂ ಗೊತ್ತು. ಹರಿಯುವ ನೀರಿನಲ್ಲಿ ಉಜ್ಜಿ ತೊಳೆದರೆ ಮೇಲಿರುವುದು ಬಹಳಷ್ಟು ಹೋಗುತ್ತದೆ. ಗಿಡದ ಒಳಗೆ ಸೇರುವ ಬಗೆಯ ಔಷಧಿ ಹಾಗೆ ಹೋಗುವುದಿಲ್ಲ. ಅದಕ್ಕೆ ಉಪಾಯ ಬೇರೆ: ಮನೆಗೆಂದೇ ಅರ್ಧ ಗುಂಟೆ, ಔಷಧಿ ತಾಕದ ಕಡೆ. ಪಾತ್ರೆ ತೊಳೆದ ನೀರು ಹರಿಯುವಲ್ಲಿ ಎರಡು ಬಾಳೆ, ಒಂದು ಪರಂಗಿ. ಬೇಲಿಗೆ ಹೀರೆ, ಸೋರೆ, ಕುಂಬಳ. ಮೂಲೆಯಲ್ಲಿ ಒಂದು ನುಗ್ಗೆ, ಒಂದು ನಿಂಬೆ, ಕರಿಬೇವು. ಮಡಿಯಲ್ಲಿ ದಂಟು, ಮೆಂತ್ಯ, ಪಾಲಕ್. ಹುಳ ಬೀಳುತ್ತದೆ, ಬೀಳಲಿ. ತೂತಿರುವ ಎಲೆಯನ್ನು ಮಂಡಿಯವನು ತೆಗೆದುಕೊಳ್ಳುವುದಿಲ್ಲ, ಅಜ್ಜಿ ತೆಗೆದುಕೊಳ್ಳುತ್ತಾಳೆ. ಆ ಅಣ್ಣನಿಗೆ ಇದರಿಂದ ಪೂರಾ ಸಮಾಧಾನವಾಗಲಿಲ್ಲ. ನನಗೂ ಆಗಿಲ್ಲ. ಆದರೆ ಔಷಧಿಗೆ ಹೆದರಿ ತರಕಾರಿಯನ್ನೇ ಬಿಟ್ಟು ಮಗುವಿನ ಕೈಗೆ ಚಿಪ್ಸ್ ಪೊಟ್ಟಣ ಕೊಡುವುದು ಯಾವ ಲೆಕ್ಕದಲ್ಲೂ ಕೂಡಿ ಬರುವುದಿಲ್ಲ.

ಅಜ್ಜಿ ಎಂದೆನಲ್ಲ. ಮುಂದಿನ ಸಾಲಿನಲ್ಲಿ ಎಲೆ ಅಡಿಕೆ ಹಾಕಿಕೊಂಡು ಕುಳಿತಿರುವ ಅಜ್ಜಿಯವರನ್ನು ಒಂದು ಪ್ರಶ್ನೆ ಕೇಳುತ್ತೇನೆ. ಅಮ್ಮ, ಬೆರಕೆ ಸೊಪ್ಪಿಗೆ ಯಾವ ಯಾವ ಸೊಪ್ಪು ಬೀಳಬೇಕು? (ಅಜ್ಜಿ ಎದ್ದು ನಿಂತು, ಬೆರಳು ಮಡಿಸುತ್ತಾ: "ಅಣ್ಣೆ ಸೊಪ್ಪು, ಗೋಣಿ ಸೊಪ್ಪು, ಕನ್ನೆ ಸೊಪ್ಪು, ಹೊನಗೊನೆ, ಕೀರೆ, ದಂಟು, ಗಣಿಕೆ, ಕುಂಬಳದ ಕುಡಿ, ನುಗ್ಗೆ ಚಿಗುರು..." ಎರಡೂ ಕೈಯ ಬೆರಳು ಮುಗಿದ ಮೇಲೆ ಮತ್ತೆ ಮೊದಲಿಂದ ಶುರು ಮಾಡಿದರು. ಚಪ್ಪಾಳೆ.) ಏಳನೆಯ ತರಗತಿಯವರೇ, ಇದರಲ್ಲಿ ನಿಮಗೆ ಎಷ್ಟು ಗೊತ್ತು? ಮೂರು? ಇದು ನಿಮ್ಮ ತಪ್ಪಲ್ಲ. ರಾಗಿ ಹೊಲದಲ್ಲಿ ಕಳೆ ಕೀಳುವಾಗ ಹೆಂಗಸರು ಮಡಿಲಿಗೆ ಹಾಕಿಕೊಂಡು ಬರುತ್ತಿದ್ದ ಸೊಪ್ಪುಗಳಿವು. ಯಾರೂ ಬಿತ್ತಿದ್ದಲ್ಲ, ಯಾರೂ ಕೊಂಡದ್ದಲ್ಲ. ಈಗ ಕಳೆನಾಶಕ ಹೊಡೆದೆವು, ಸಾಲಿಗೆ ಪ್ಲಾಸ್ಟಿಕ್ ಹೊದಿಸಿದೆವು. ಕಳೆ ಹೋಯಿತು, ಸಾರೂ ಹೋಯಿತು. ಅದನ್ನೇ ಕೋಲಾರದ ಪೇಟೆಯಲ್ಲಿ ಕಟ್ಟಿಗೆ ಇಷ್ಟು ಎಂದು ದುಡ್ಡು ಕೊಟ್ಟು ತರುತ್ತೇವೆ.

ಈಗ ಮುದ್ದೆಯ ವಿಷಯ. ಇದನ್ನು ಯಾವ ಪುಸ್ತಕದಲ್ಲೂ ಓದಿದ್ದಲ್ಲ. ನಲವತ್ತು ವರ್ಷ ಮುದ್ದೆ ಉಂಡವನ ಅನುಮಾನ. ಮುದ್ದೆಯನ್ನು ನಾವು ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತೇವೆ. ನುಂಗುವ ದಾರಿಯಲ್ಲಿ ಹೋಳು ಅಡ್ಡ ಬರುತ್ತದೆ. ಬೀನ್ಸಿನ ತುಂಡು, ಗೆಡ್ಡೆಕೋಸಿನ ತುಂಡು ಸಿಕ್ಕಿದರೆ ಅಂಚಿಗೆ ತಳ್ಳುತ್ತೇವೆ, ಏಕೆಂದರೆ ಅಗಿಯಲು ನಿಂತರೆ ಮುದ್ದೆಯ ಲಯ ತಪ್ಪುತ್ತದೆ. ಹೀಗಾಗಿ ಸಾರು ತೆಳ್ಳಗಾಗುತ್ತಾ ಬಂದು, ಕೊನೆಗೆ ಎರಡು ಟೊಮೆಟೊ, ಒಂದಿಷ್ಟು ಸಾರಿನ ಪುಡಿಗೆ ನಿಂತಿತು. ನಮ್ಮ ಹಿಂದಿನವರಿಗೆ ಈ ತೊಡಕು ಗೊತ್ತಿತ್ತು. ಅದಕ್ಕೇ ಮಸ್ಸೊಪ್ಪು: ಸೊಪ್ಪು, ಬೇಳೆ, ಟೊಮೆಟೊ ಬೇಯಿಸಿ ಮಸೆದುಬಿಟ್ಟರೆ ತಳ್ಳಲು ಹೋಳೇ ಇಲ್ಲ. ನಮ್ಮಲ್ಲಿ ಅರ್ಧ ಮನೆಗಳಲ್ಲಿ ತೆಲುಗು ಮಾತು. ಅವರ ಆಕುಕೂರ ಪಪ್ಪು ಇದೇ ಜಾತಿಯದು. ಬಸ್ಸಾರು ಇನ್ನೂ ಜಾಣತನದ ಅಡುಗೆ. ಕಾಳು ಸೊಪ್ಪು ಬೇಯಿಸಿ ಬಸಿದ ನೀರನ್ನು ಚೆಲ್ಲದೆ ಅದರಲ್ಲೇ ಸಾರು, ಬಸಿದ ಸೊಪ್ಪಿಗೆ ಒಗ್ಗರಣೆ ಕೊಟ್ಟು ಪಲ್ಯ. ನೀರಿನಲ್ಲಿ ಕರಗುವ ಜೀವಸತ್ವಗಳಲ್ಲಿ ಕುದಿತಕ್ಕೆ ಉಳಿದಷ್ಟು ಸಾರಿಗೆ ಬಂತು. ಒಗ್ಗರಣೆಯ ಎಣ್ಣೆಯಿಂದ ಸೊಪ್ಪಿನಲ್ಲಿರುವ ಎ ಜೀವಸತ್ವದ ಅಂಶ ಮೈಗೆ ಹತ್ತಲು ಅನುಕೂಲವಾಯಿತು. ಒಂದೇ ಪಾತ್ರೆ, ಎರಡು ವ್ಯಂಜನ. ವಾರಕ್ಕೆ ಎರಡು ದಿನ ಬಸ್ಸಾರು, ಎರಡು ದಿನ ಮಸ್ಸೊಪ್ಪು ಮಾಡುವ ಮನೆಗೆ ನನ್ನ ಉಪನ್ಯಾಸ ಬೇಕಿಲ್ಲ.

ಅದರ ಮೇಲೆ ಅರ್ಧ ನಿಂಬೆಹಣ್ಣು ಹಿಂಡಿ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ಸುಮಾರು 65 ಮಂದಿಗೆ ರಕ್ತಹೀನತೆ ಕಂಡುಬಂತು. ಸೊಪ್ಪಿನ ಕಬ್ಬಿಣಾಂಶ ಮಾಂಸದ್ದರಷ್ಟು ಸುಲಭವಾಗಿ ಮೈಗೆ ಹತ್ತುವುದಿಲ್ಲ. ನಿಂಬೆಯಲ್ಲಿರುವ ಸಿ ಜೀವಸತ್ವ ಜೊತೆಯಲ್ಲಿದ್ದರೆ ಹೆಚ್ಚು ಹತ್ತುತ್ತದೆ. ಊಟದ ಹಿಂದೆಯೇ ಟೀ ಕುಡಿದರೆ ಆ ಲಾಭ ಕಡಿಮೆಯಾಗುತ್ತದೆ. ಊಟವಾಗಿ ಒಂದು ಗಂಟೆ ಬಿಟ್ಟು ಕುಡಿಯಿರಿ. ಮಕ್ಕಳಿಗಂತೂ ಬೇಡವೇ ಬೇಡ.

ಮಕ್ಕಳು ತಿನ್ನುವುದಿಲ್ಲ ಎನ್ನುತ್ತೀರಿ. ಒಪ್ಪಿದೆ. ಅದು ಹಟವೇ ಆಗಿರಬೇಕು ಎಂದೇನೂ ಇಲ್ಲ. ಹುಟ್ಟಿದ ಕೂಸು ಸಿಹಿಗೆ ಚಪ್ಪರಿಸುತ್ತದೆ, ಕಹಿಗೆ ಮುಖ ಕಿವುಚುತ್ತದೆ. ವಿಷದ ಗಿಡಗಳಲ್ಲಿ ಎಷ್ಟೋ ಕಹಿ, ಆ ಎಚ್ಚರ ನಾಲಿಗೆಗೆ ಹುಟ್ಟಿನಿಂದ ಬಂದದ್ದು. ಎರಡರಿಂದ ಆರು ವರ್ಷದವರೆಗೆ ಹೊಸದೇನನ್ನು ಕಂಡರೂ "ಬೇಡ" ಎನ್ನುವುದು ಆ ವಯಸ್ಸಿನ ಗುಣ. ಒಂದು ಹೊಸ ಪಲ್ಯ ಮಗುವಿಗೆ ರೂಢಿಯಾಗಲು ಎಂಟರಿಂದ ಹದಿನೈದು ಸಲ ರುಚಿ ನೋಡಬೇಕಾಗುತ್ತದೆ ಎಂದು ಇದನ್ನು ಅಭ್ಯಾಸ ಮಾಡಿದವರು ಹೇಳುತ್ತಾರೆ. ನಾವು ಎಷ್ಟು ಸಲ ಕೊಡುತ್ತೇವೆ? ಎರಡು ಸಲ. ಮೂರನೆಯ ಸಲಕ್ಕೆ "ನಮ್ಮ ಮಗು ಬದನೆಕಾಯಿ ಮುಟ್ಟುವುದಿಲ್ಲ" ಎಂದು ನೆಂಟರಿಷ್ಟರ ಮುಂದೆಲ್ಲ ಸಾರಿ ಬರುತ್ತೇವೆ. ಮಗು ಕೇಳಿಸಿಕೊಳ್ಳುತ್ತದೆ. ಆಮೇಲೆ ಆ ಹೆಸರನ್ನು ಉಳಿಸಿಕೊಳ್ಳಬೇಡವೇ?

ರುಚಿಯ ಪಾಠ ಇನ್ನೂ ಮೊದಲೇ ಶುರುವಾಗುತ್ತದೆ. 2001ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಸಂಶೋಧಕಿ ಜೂಲಿ ಮೆನೆಲ್ಲಾ ಮತ್ತು ಸಂಗಡಿಗರು ಒಂದು ಪ್ರಯೋಗದ ಫಲ ಪ್ರಕಟಿಸಿದರು. ಕೆಲವರಿಗೆ ಬಸುರಿಯಲ್ಲಿ, ಕೆಲವರಿಗೆ ಬಾಣಂತನದಲ್ಲಿ ಕ್ಯಾರೆಟ್ ರಸ ಕುಡಿಸಿದ್ದರು, ಉಳಿದವರಿಗೆ ನೀರು. ಮಕ್ಕಳು ಗಂಜಿ ತಿನ್ನುವ ವಯಸ್ಸಿಗೆ ಬಂದಾಗ ಕ್ಯಾರೆಟ್ ರಸದಲ್ಲಿ ಕಲಸಿದ ಗಂಜಿ ಇಟ್ಟರೆ, ತಾಯಿಯ ಮೂಲಕ ಆ ರುಚಿ ಕಂಡಿದ್ದ ಕೂಸುಗಳು ಮುಖ ಸಿಂಡರಿಸಿದ್ದು ಕಡಿಮೆ. ನಮ್ಮಲ್ಲಿ ಬಾಣಂತಿಗೆ ಮೆಣಸಿನ ಸಾರು, ಅನ್ನ ಬಿಟ್ಟು ಇನ್ನೇನೂ ಕೊಡದ ಮನೆಗಳು ಈಗಲೂ ಇವೆ. ಅಲ್ಲಿಯ ಕೂಸಿಗೆ ಸೊಪ್ಪಿನ ಪರಿಚಯ ಆಗುವುದು ತಡವೇ.

ಲಂಚದ ವಿಷಯಕ್ಕೆ ಬರೋಣ. "ಪಲ್ಯ ತಿಂದರೆ ಮೊಬೈಲ್ ಕೊಡುತ್ತೇನೆ." ಇದನ್ನು ಹೇಳದ ತಾಯಂದಿರು ಕೈ ಎತ್ತಿ. (ಯಾರೂ ಎತ್ತಲಿಲ್ಲ.) ಲಿಯಾನ್ ಬರ್ಚ್ ಎನ್ನುವ ಮನಶ್ಶಾಸ್ತ್ರಜ್ಞೆ 1984ರಲ್ಲೇ ಇದನ್ನು ಪರೀಕ್ಷಿಸಿ ನೋಡಿದರು. "ಇದನ್ನು ಕುಡಿದರೆ ಅದು ಸಿಗುತ್ತದೆ" ಎಂದು ಪಾನೀಯ ಕುಡಿಸಿದ ಮಕ್ಕಳಿಗೆ ದಿನ ಕಳೆದಂತೆ ಆ ಪಾನೀಯವೇ ಬೇಡವಾಗುತ್ತಾ ಬಂತು. ಸುಮ್ಮನೆ ಕೊಟ್ಟ ಮಕ್ಕಳಿಗೆ ಹಾಗೆ ಆಗಲಿಲ್ಲ. ಮಗುವಿನ ಲೆಕ್ಕ ಸರಳ: ತಿನ್ನಲು ಲಂಚ ಕೊಡುತ್ತಾರೆ ಎಂದ ಮೇಲೆ ಅದು ಕೆಟ್ಟದ್ದೇ ಇರಬೇಕು. ಹೋಳಿಗೆ ತಿನ್ನಲು ಯಾರಾದರೂ ಲಂಚ ಕೊಡುತ್ತಾರೆಯೇ?

ನಾನು ಇದನ್ನು ಮನೆಯಲ್ಲೇ ಕಲಿತೆ, ತಡವಾಗಿ. ಮಗಳು ಚಿಕ್ಕವಳಿದ್ದಾಗ ಹಾಗಲಕಾಯಿ ಗೊಜ್ಜು ಮುಗಿಸುವವರೆಗೂ ಏಳಬಾರದು ಎಂದು ತಟ್ಟೆಯ ಮುಂದೆ ಒಂದೂವರೆ ಗಂಟೆ ಕೂರಿಸಿದ್ದೆ. ದೊಡ್ಡ ಶಿಸ್ತಿನ ಮನುಷ್ಯ ನಾನು! ಅತ್ತು, ನುಂಗಿ, ಹಿತ್ತಲಿಗೆ ಹೋಗಿ ಕಕ್ಕಿದಳು. ಈಗ ಮೂವತ್ತು ದಾಟಿದ್ದಾಳೆ. ಹಾಗಲಕಾಯಿ ಬೇಯುವ ವಾಸನೆ ಬಂದರೆ ಅಡುಗೆಮನೆಯ ಕಡೆ ಸುಳಿಯುವುದಿಲ್ಲ. ಮೊಮ್ಮಗನ ವಿಷಯದಲ್ಲಿ ಬುದ್ಧಿ ಬಂದಿದೆ. ತಟ್ಟೆಯಲ್ಲಿ ಒಂದು ಚಮಚ ಪಲ್ಯ ಇರುತ್ತದೆ, ತಿನ್ನು ಎಂದು ಯಾರೂ ಹೇಳುವುದಿಲ್ಲ. ಬೇಲಿಯ ಹೀರೆಕಾಯಿ ಕೀಳುವುದು ಅವನ ಕೆಲಸ, ಬಟಾಣಿ ಸುಲಿಯುವುದು ಅವನ ಕೆಲಸ. ಅವರೆಕಾಯಿಯ ಕಾಲದಲ್ಲಿ ಹಿತಕಿದ ಬೇಳೆಗೆ ಸಿಪ್ಪೆ ಹಿತುಕಲು ಕೂರಿಸಿದರೆ, ಅರ್ಧ ಅವರೆ ನೆಲದ ಮೇಲೆ ಚಿಮ್ಮುತ್ತದೆ, ಉಳಿದರ್ಧ ಸಾರಿಗೆ ಬರುತ್ತದೆ. ತಾನು ಮಾಡಿದ್ದು ಎಂದು ಆ ಸಾರನ್ನು ಬಿಡುವುದಿಲ್ಲ.

ಗಂಡಸರಿಗೆ ಒಂದು ಮಾತು. ಮಗು ನಿಮ್ಮ ಮಾತು ಕೇಳುವುದಕ್ಕಿಂತ ನಿಮ್ಮ ತಟ್ಟೆಯ ಅಂಚು ನೋಡುತ್ತದೆ. ನೀವು ತಳ್ಳಿದ ಬೆಂಡೆಕಾಯಿ, ಕರಿಬೇವು, ಸೊಪ್ಪಿನ ದಂಟು ಅಲ್ಲಿರುತ್ತದೆ. ಇನ್ನು ತಾಯಂದಿರು ಎಲ್ಲರೂ ಉಂಡ ಮೇಲೆ ಉಣ್ಣುತ್ತಾರೆ. ಆ ಹೊತ್ತಿಗೆ ಪಲ್ಯದ ಪಾತ್ರೆಯಲ್ಲಿ ಸೌಟಿನ ಗುರುತು ಮಾತ್ರ. ರಾತ್ರಿಯ ಊಟಕ್ಕಾದರೂ ಒಟ್ಟಿಗೆ ಕೂರಿ. ಇದಕ್ಕೆ ಸರ್ಕಾರದ ಯೋಜನೆ ಬರುವುದಿಲ್ಲ.

ಹಣ್ಣಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಮಕ್ಕಳಿಗೆ ಹಣ್ಣಿನ ಮೇಲೆ ಸಿಟ್ಟಿಲ್ಲ. ಕೊಡದ ನಮ್ಮದೇ ತಪ್ಪು. ಆಸ್ಪತ್ರೆಗೆ ಯಾರನ್ನಾದರೂ ನೋಡಲು ಹೋಗುವಾಗ ನಾವು ಸೇಬು ಒಯ್ಯುತ್ತೇವೆ, ದುಬಾರಿ ಎನ್ನುವ ಒಂದೇ ಕಾರಣಕ್ಕೆ. ನೂರು ಗ್ರಾಂ ಸೇಬಿನಲ್ಲಿ ಸಿ ಜೀವಸತ್ವ 5 ಮಿಲಿಗ್ರಾಂ ಮುಟ್ಟುವುದೂ ಕಷ್ಟ. ನಮ್ಮ ಹಿತ್ತಲಿನ ಸೀಬೆಹಣ್ಣಿನಲ್ಲಿ 200 ದಾಟುತ್ತದೆ. ಬೆಟ್ಟದ ನೆಲ್ಲಿಕಾಯಿ ಅದಕ್ಕೂ ಮೇಲು. ಈಗ ಮಾವು, ಹಲಸು, ನೇರಳೆ ಇದೆ. ಮಳೆ ಕಳೆದರೆ ಬೆಟ್ಟದ ಸಾಲಿನಿಂದ ಸೀತಾಫಲ ಬುಟ್ಟಿಗಟ್ಟಲೆ ಇಳಿಯುತ್ತದೆ. ಚಿಕ್ಕಬಳ್ಳಾಪುರದ ಕಡೆಯಿಂದ ದ್ರಾಕ್ಷಿ, ಚಳಿಗೆ ಎಲಚಿ. ಪರಂಗಿ, ಬಾಳೆ ವರ್ಷವಿಡೀ. ಶಾಲೆಯ ಅಂಗಳದಲ್ಲಿ ಒಂದು ಗಿಡ ನೆಡುವುದಾದರೆ ಸಿದ್ದು ಹಲಸು ನೆಡಿ. ತುಮಕೂರು ಜಿಲ್ಲೆ ಗುಬ್ಬಿ ತಾಲ್ಲೂಕಿನ ಚೇಳೂರಿನ ಒಂದು ಮರದಿಂದ ಬಂದ ಕೆಂಪು ತೊಳೆಯ ತಳಿ. ಹಿರೇಹಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರದ ವಿಜ್ಞಾನಿಗಳು ಅದರ ಗುಣ ಗುರುತಿಸಿ ಕಸಿ ಗಿಡಗಳಾಗಿ ಹಬ್ಬಿಸಿದರು. ಮಾವು ಮಾತ್ರ ಹುಲ್ಲಿನಲ್ಲಿ ಹಣ್ಣು ಮಾಡಿದ್ದನ್ನೇ ಮಕ್ಕಳಿಗೆ ಕೊಡಿ. ಕಾರ್ಬೈಡ್ ಇಟ್ಟು ಮಾಗಿಸುವುದಕ್ಕೆ ಕಾನೂನಿನ ನಿಷೇಧವಿದೆ; ನಿಮ್ಮದೇ ತೋಟವಿರುವಾಗ ಅದರ ತಂಟೆಯೇ ಬೇಡ.

ಕೊನೆಗೆ ಪ್ರಶ್ನೆಗಳು. ಒಬ್ಬ ತಾಯಿ, "ಬಾಳೆಹಣ್ಣು ಕೊಟ್ಟರೆ ಶೀತವಾಗುವುದಿಲ್ಲವೇ?" ಎಂದರು. ಶೀತ ಬರುವುದು ವೈರಸ್ಸಿನಿಂದ, ಬಾಳೆಹಣ್ಣಿನಿಂದಲ್ಲ. ಫ್ರಿಜ್ಜಿನಿಂದ ತೆಗೆದದ್ದನ್ನು ಹಾಗೆಯೇ ಕೊಡುವುದು ಬೇಡ ಎನಿಸಿದರೆ ಸ್ವಲ್ಪ ಹೊತ್ತು ಹೊರಗಿಟ್ಟು ಕೊಡಿ. ಅವರು ತಲೆಯಾಡಿಸಿದರು, ನಂಬಿದರೋ ಬಿಟ್ಟರೋ ತಿಳಿಯಲಿಲ್ಲ. ಆರನೆಯ ತರಗತಿಯ ಹುಡುಗ, "ಟೊಮೆಟೊ ಕೆಚಪ್ ತಿಂದರೆ ಲೆಕ್ಕಕ್ಕೆ ಬರುತ್ತದೆಯೇ ಸಾರ್?" ಎಂದ. ಸಭೆ ನಕ್ಕಿತು, ಆದರೆ ಒಳ್ಳೆಯ ಪ್ರಶ್ನೆ. ಅದರಲ್ಲಿ ಟೊಮೆಟೊ ಇದೆ, ಜೊತೆಗೆ ಸಕ್ಕರೆ, ಉಪ್ಪು ಇದೆ. ಲೆಕ್ಕಕ್ಕೆ ಬರುವಷ್ಟು ತಿನ್ನಬೇಕಾದರೆ ಬಾಟಲಿಯನ್ನೇ ಎತ್ತಬೇಕು. ಟೊಮೆಟೊ ಗೊಜ್ಜು ಮಾಡಿಸಿಕೋ. ಬೆಂದ ಟೊಮೆಟೊದ ಕೆಂಪು ಅಂಶ ಹಸಿಯದಕ್ಕಿಂತ ಚೆನ್ನಾಗಿ ಮೈಗೆ ಹತ್ತುತ್ತದೆ.

ತಕ್ಕಡಿಗೆ ಟೊಮೆಟೊ ಹಾಕಿದ ಹುಡುಗಿ ಕೊನೆಗೆ ಎದ್ದಳು.

"ನಿಮ್ಮ ಮಗಳು ಈಗಲೂ ಹಾಗಲಕಾಯಿ ತಿನ್ನುವುದಿಲ್ಲವೇ ಸಾರ್?"

ಇಲ್ಲ ತಾಯಿ.

"ನಿಮ್ಮ ಮೊಮ್ಮಗ?"

ಹೋದ ತಿಂಗಳು ಅವನ ಅಜ್ಜಿ ಬಿಲ್ಲೆ ಬಿಲ್ಲೆಯಾಗಿ ಕೊಯ್ದು ಗರಿಗರಿಯಾಗಿ ಹುರಿದಿದ್ದಳು. ಎರಡು ಬಿಲ್ಲೆ ತಿಂದ. ಮೂರನೆಯದನ್ನು ಒಯ್ದು ಅಮ್ಮನ ಬಾಯಿಗೆ ಹಿಡಿದ.

"ಅವರು ತಿಂದರೇ?"

ಅಷ್ಟು ಹೊತ್ತಿಗೆ ಊಟದ ಗಂಟೆ ಹೊಡೆಯಿತು. ಮಕ್ಕಳು ತಟ್ಟೆ ತರಲು ಓಡಿದರು. ಆ ದಿನದ ಸಾಂಬಾರಿನಲ್ಲಿ ನುಗ್ಗೆ ಸೊಪ್ಪಿತ್ತು, ಮೇಜಿನ ಮೇಲಿದ್ದ ನನ್ನ ನಾಲ್ಕು ಟೊಮೆಟೊ ಕಾಣಲಿಲ್ಲ.